ಬೀಗದ ಕೈ ಯಾರ ಬಳಿ?

ಒಂದು ಊರನ್ನು ತಿಳಿದುಕೊಳ್ಳುವುದಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ. ವೈದ್ಯರು ಊರನ್ನು ಅದರ ಕಾಯಿಲೆಗಳಿಂದ ಬಲ್ಲರು. ಟಪಾಲಿನವನು ಬಾಗಿಲುಗಳಿಂದ ಬಲ್ಲ. ಮೇಷ್ಟರು ಮಕ್ಕಳನ್ನು ನೋಡಿ ತಂದೆತಾಯಿಗಳ ಸ್ವಭಾವವನ್ನು ಊಹಿಸಬಲ್ಲರು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕಳೆದ ನನ್ನಂಥವನು ಊರನ್ನು ಅರಿಯುವುದು ರುಜುಗಳಿಂದ. ಅದರಲ್ಲಿಯೂ ತನ್ನ ಹಣಕ್ಕೆ ಹಾಕುವ ರುಜುವಿನಿಂದಲ್ಲ, ಹತ್ತು ಜನರ ಹಣಕ್ಕೆ ಹಾಕುವ ರುಜುವಿನಿಂದ.

ಸಂಘವಾಗಲಿ, ಮಂಡಳಿಯಾಗಲಿ, ದೇವಸ್ಥಾನದ ಸಮಿತಿಯಾಗಲಿ, ಬ್ಯಾಂಕಿನಲ್ಲಿ ಖಾತೆ ತೆರೆದ ಮೇಲೆ ಹಣ ತೆಗೆಯುವ ಅಧಿಕಾರ ಯಾರಿಗೆಂದು ಬರೆದು ಕೊಡಬೇಕು. ಅವರ ಮಾದರಿ ರುಜುವನ್ನು ನಾವು ಇಟ್ಟುಕೊಳ್ಳುತ್ತೇವೆ. ಸಮಿತಿ ಬದಲಾದಾಗ ನಡವಳಿ ಪುಸ್ತಕದಿಂದ ಠರಾವಿನ ನಕಲು ತೆಗೆದು, ಅಧ್ಯಕ್ಷರ ಮೊಹರು ಒತ್ತಿ, ಹೊಸಬರನ್ನು ಕರೆದುಕೊಂಡು ಬರುತ್ತಾರೆ. ಹಳಬರ ರುಜು ರದ್ದಾಗುತ್ತದೆ, ಹೊಸಬರದು ಸೇರುತ್ತದೆ. ಕೆಲಸ ಹತ್ತು ನಿಮಿಷದ್ದು. ಆದರೆ ಆ ಹತ್ತು ನಿಮಿಷಗಳಲ್ಲಿ ಹಳಬರು ಹೊಸಬರ ಜೊತೆಯಲ್ಲಿ ಬಂದಿದ್ದಾರೆಯೆ, ಬಂದರೂ ಕುರ್ಚಿಯಲ್ಲಿ ಕುಳಿತರೆ ಅಥವಾ ಬಾಗಿಲ ಬಳಿಯೇ ನಿಂತರೆ, ಲೇಖನಿಯನ್ನು ಕೈಗೆ ಕೊಟ್ಟರೆ ಅಥವಾ ಮೇಜಿನ ಮೇಲೆ ಇಟ್ಟರೆ, ಇಷ್ಟನ್ನು ನೋಡಿದರೆ ಸಾಕು, ಆ ಸಂಸ್ಥೆಯ ಆರೋಗ್ಯ ತಿಳಿದುಹೋಗುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರುಗಳಲ್ಲಿ ಒಟ್ಟು ಹನ್ನೊಂದು ವರ್ಷ ಕೆಲಸ ಮಾಡಿದೆ. ಬೆಂಗಳೂರಿನಿಂದ ಬಂದ ರೈಲು ಕಡೂರನ್ನು ದಾಟಿ ಬೀರೂರು ಸೇರಿದರೆ ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕವಲು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತೆಂಬುದನ್ನು ಆ ಊರಿನ ಹಿರಿಯರು ಇಂದಿಗೂ ಹೊಸಬರಿಗೆ ಹೇಳದೆ ಬಿಡುವುದಿಲ್ಲ. ಕಡೂರಿನ ಕಡೆ ತೆಂಗು, ರಾಗಿ. ತರೀಕೆರೆಯ ಕಡೆ ಅಡಕೆ. ಅಜ್ಜಂಪುರದ ಕಡೆ ಈರುಳ್ಳಿ, ಆಲೂಗೆಡ್ಡೆ, ಹೆಸರಾಂತ ಅಮೃತಮಹಲ್ ದನಗಳು. ಬೆಳೆ ಬೇರೆಯಾದರೂ ಜನರ ಸ್ವಭಾವ ಒಂದೇ. ಸಾರ್ವಜನಿಕ ಕೆಲಸವೆಂದರೆ ಮುಂದೆ ಬರುತ್ತಾರೆ, ಲೆಕ್ಕವೆಂದರೆ ಸಂಕೋಚಪಡುತ್ತಾರೆ.

ಮುಜರಾಯಿಗೆ ಸೇರಿದ ದೇವಸ್ಥಾನಗಳ ವ್ಯವಸ್ಥಾಪನಾ ಸಮಿತಿಗಳು ಬಂದು ಹೋಗುವುದನ್ನು ಅಲ್ಲಿ ನೋಡಿದ್ದೇನೆ. ಅದಕ್ಕೆ ಸರ್ಕಾರದ ಕಾಯಿದೆಯುಂಟು. 1997ರ ಹೆಸರು ಹೊತ್ತು 2003ರಲ್ಲಿ ಜಾರಿಗೆ ಬಂದ ಆ ಕಾಯಿದೆಯ ಪ್ರಕಾರ ಸಮಿತಿಗೆ ಒಂಬತ್ತು ಜನ. ಅವರಲ್ಲಿ ಅರ್ಚಕರೊಬ್ಬರಿರಬೇಕು, ಇಬ್ಬರು ಹೆಂಗಸರಿರಬೇಕು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಒಬ್ಬರಾದರೂ ಇರಬೇಕು, ಆ ಸ್ಥಳದಲ್ಲೇ ವಾಸವಾಗಿರುವವರೊಬ್ಬರಿರಬೇಕು. ಇವರು ಅರ್ಜಿ ಹಾಕಿಕೊಂಡು ನೇಮಕವಾಗಿ ಬರುವವರು. ಭಕ್ತರ ಓಟಿನಿಂದ ಬರುವವರಲ್ಲ. ಮಸೀದಿಯ ಜಮಾತಿನವರ ಕ್ರಮ ಇನ್ನೊಂದು. ಆದರೆ ನನ್ನ ಕುತೂಹಲವನ್ನು ಹೆಚ್ಚು ಸೆಳೆದದ್ದು ಪ್ರೊಟೆಸ್ಟಂಟ್ ಕ್ರೈಸ್ತರ ಪುಟ್ಟ ಸಭೆಗಳು. ನಲವತ್ತು ಮನೆಯ ಸಭೆಯಾದರೂ ಅವರು ತಮ್ಮ ಸಮಿತಿಯನ್ನು ತಾವೇ, ತಮ್ಮ ಮಧ್ಯದಿಂದಲೇ, ಓಟು ಹಾಕಿ ಆರಿಸಿಕೊಳ್ಳುತ್ತಾರೆ.

ಇದರ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಇಂಗ್ಲೆಂಡಿನ ಆಂಗ್ಲಿಕನ್ ಪಂಥ ನಮ್ಮ ಸೀಮೆಗೆ ಬಂದದ್ದು ದಂಡಿನ ಜೊತೆಯಲ್ಲಿ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ದೇವಾಲಯ 1812ರಲ್ಲಿ ಕಟ್ಟಿ ಮುಗಿದಾಗ ಅದು ದಂಡಿನ ಇಂಗ್ಲಿಷರಿಗಾಗಿ ಇದ್ದ ದೇವಾಲಯ. ಅಂಥ ಕಡೆಗಳಲ್ಲಿ ಪಾದ್ರಿಗಳಿಗೆ ಸಂಬಳ ಸರ್ಕಾರದ್ದು. ಸಂಬಳ ಸರ್ಕಾರದ್ದಾದ ಮೇಲೆ ಜನ ಲೆಕ್ಕ ಕೇಳುವ ಪ್ರಸಂಗ ಕಡಿಮೆ. ಹಳೆಯ ಮೈಸೂರಿನ ಕನ್ನಡ ಸಭೆಗಳನ್ನು ಬೆಳೆಸಿದವರು ಬಹುಮಟ್ಟಿಗೆ ವೆಸ್ಲಿಯನ್ ಮೆಥಡಿಸ್ಟರು. ಅವರದು ಬೇರೆಯೇ ಪದ್ಧತಿ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಮಂದಿಗೆ ಒಬ್ಬನನ್ನು ಗೊತ್ತುಮಾಡಿ, ಅವನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿ ವಸೂಲು ಮಾಡತಕ್ಕದ್ದೆಂದು ಏರ್ಪಾಡಾಯಿತು. ಹಣಕ್ಕೆ ಹೋದವನು ಮನೆಯವರ ಕಷ್ಟಸುಖವನ್ನೂ ವಿಚಾರಿಸಿ ಬರತೊಡಗಿದ. ಹಾಗೆ ಅವರಲ್ಲಿ ಪಾದ್ರಿಯಲ್ಲದ ಮುಖಂಡ ಹುಟ್ಟಿಕೊಂಡ. ಪ್ರೆಸ್ಬಿಟೀರಿಯನ್ನರಲ್ಲಿ ಹಿರಿಯರ ಮಂಡಳಿಯ ಪದ್ಧತಿ ಮೊದಲಿನಿಂದಲೂ ಇದ್ದಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಗಳಾಗುವಷ್ಟರಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಈ ಪಂಥಗಳೆಲ್ಲ ಕೂಡಿ ದಕ್ಷಿಣ ಭಾರತ ಸಭೆಯಾದುವು. ಆಂಗ್ಲಿಕನ್ನರ ಬಿಷಪರು ಉಳಿದರು. ಮೆಥಡಿಸ್ಟರ ಸ್ಟೀವರ್ಡರೂ ಪ್ರೆಸ್ಬಿಟೀರಿಯನ್ನರ ಹಿರಿಯರೂ ಒಂದೇ ಸಭಾ ಸಮಿತಿಯೊಳಗೆ ಸೇರಿಕೊಂಡರು. ಸಭಾಪಾಲಕರು ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಖಜಾಂಚಿ ಸಭೆಯ ಜನ.

ಸಭಾಪಾಲಕರು ನನ್ನ ಹಾಗೆಯೇ ವರ್ಗವಾಗಿ ಬಂದು ವರ್ಗವಾಗಿ ಹೋಗುವವರು. ಖಜಾಂಚಿ ಊರಿನವನು. ಬಂದವರು ಊರನ್ನು ಅರ್ಥಮಾಡಿಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಕಟ್ಟುವ ಕಾಲ ಬಂದಿರುತ್ತದೆ. ಉಳಿಯುವುದು ಖಜಾಂಚಿಯೂ ಅವನ ಸೊಂಟದ ಬೀಗದ ಕೈಗೊಂಚಲೂ. ಆದುದರಿಂದ ಆ ಗೊಂಚಲು ಯಾರ ಬಳಿ ಇರಬೇಕೆಂಬುದು ಅವರಿಗೆ ಸಣ್ಣ ಪ್ರಶ್ನೆಯಲ್ಲ.

ಇದು 2005ರ ಮಾತು. ಆ ಮೂರು ಊರುಗಳ ಆಸುಪಾಸಿನಲ್ಲಿ ಅಂಥದೊಂದು ಸಭೆ. ಯಾವ ಊರೆಂದು ಓದುಗರು ಕೇಳಬಾರದು. ಜಗಳ ಮುಗಿದ ಮನೆಯ ವಿಳಾಸ ಯಾರಿಗೂ ಬೇಡ. ಇಬ್ಬರು ಮೂವರು ರೈಲ್ವೆಯವರು, ಆಸ್ಪತ್ರೆಯ ನರ್ಸುಗಳು, ಉಪಾಧ್ಯಾಯಿನಿಯರು, ಕಾಫಿ ತೋಟಗಳಿಂದ ಕೆಳಗಿಳಿದು ಬಂದು ಕೂಲಿಯಿಂದ ಬದುಕುವ ಹಲವು ಕುಟುಂಬಗಳು: ಇಷ್ಟೇ ಸಭೆ. ಖಜಾಂಚಿಯಾಗಿ ಹದಿನಾರು ವರ್ಷ ದುಡಿದವರು ಕಾಫಿ ತೋಟದಲ್ಲಿ ರೈಟರಾಗಿದ್ದು ನಿವೃತ್ತರಾದ ಹಿರಿಯರು. ಊರೆಲ್ಲ ಅವರನ್ನು ರೈಟರು ಎಂದೇ ಕರೆಯುತ್ತಿತ್ತು. ಬಿಳಿಯ ಅಂಗಿ, ಜೇಬಿನಲ್ಲಿ ಎರಡು ಲೇಖನಿ, ನಡಿಗೆಯಲ್ಲಿ ಗಾಂಭೀರ್ಯ. ಬ್ಯಾಂಕಿಗೆ ಬಂದರೆ ಚೆಕ್ಕನ್ನು ಕೌಂಟರಿನ ಮೇಲೆ ಎರಡು ಕೈಯಿಂದ ಇಡುವರು. ಅವರ ರುಜು ಹದಿನಾರು ವರ್ಷದಲ್ಲಿ ಒಂದು ಗೆರೆಯಷ್ಟೂ ಬದಲಾಗಿರಲಿಲ್ಲ.

ಜಗಳ ಹುಟ್ಟಿದ್ದು ಸುಗ್ಗಿ ಹಬ್ಬದಲ್ಲಿ. ಆ ದಿನ ಜನ ತಮ್ಮ ಬೆಳೆಯ ಪ್ರಥಮ ಫಲವನ್ನು ದೇವಾಲಯಕ್ಕೆ ತರುತ್ತಾರೆ. ಅಡಕೆ ಗೊನೆ, ತೆಂಗಿನಕಾಯಿ, ಕುಂಬಳ, ಈರುಳ್ಳಿಯ ಚೀಲ, ಕಾಲು ಕಟ್ಟಿದ ಕೋಳಿ. ಬೆಳೆಯಿಲ್ಲದವರು ಮನೆಯಲ್ಲಿ ಮಾಡಿದ ರೋಸ್‌ಕುಕ್ಕೀಸು, ಕಜ್ಜಾಯ. ಆರಾಧನೆಯಾದ ಮೇಲೆ ಅಂಗಳದಲ್ಲಿ ಹರಾಜು. ಹರಾಜೆಂದರೆ ಅದು ವ್ಯಾಪಾರವಲ್ಲ, ಉತ್ಸಾಹ. ಹತ್ತು ರೂಪಾಯಿನ ಕುಂಬಳಕಾಯಿ ಮುನ್ನೂರಕ್ಕೆ ಹೋಗುತ್ತದೆ. ಕೊಂಡವನು ಅದನ್ನೇ ಮತ್ತೆ ಹರಾಜಿಗೆ ಕೊಟ್ಟರೆ ಇನ್ನೂರು ಸೇರುತ್ತದೆ. ಆ ವರ್ಷ ಹಣ ಚೆನ್ನಾಗಿಯೇ ಕೂಡಿತೆಂದು ಎಲ್ಲರೂ ಆಡಿಕೊಂಡರು. ಎಷ್ಟು ಕೂಡಿತೆಂದು ಒಬ್ಬ ಹುಡುಗ ಕೇಳಿದ. ಕೇಳಿದ್ದು ನಗುನಗುತ್ತ, ಹತ್ತು ಜನರ ಮುಂದೆ.

ರೈಟರು ನಗಲಿಲ್ಲ. “ಹದಿನಾರು ವರ್ಷದಿಂದ ಯಾರೂ ಕೇಳದ ಮಾತು” ಎಂದಷ್ಟೇ ಹೇಳಿ ಹೊರಟುಹೋದರು.

ಅಲ್ಲಿಂದ ಮುಂದೆ ಒಂದು ಮಾತು ಹತ್ತು ಮಾತಾಯಿತು. ಕೇಳಿದ್ದು ತಪ್ಪೆಂದು ಒಂದು ಗುಂಪು. ಹೇಳದೆ ಹೋದದ್ದು ತಪ್ಪೆಂದು ಇನ್ನೊಂದು ಗುಂಪು. ಸಮಿತಿಯ ಅವಧಿ ಮುಗಿಯುತ್ತ ಬಂದಿತ್ತು. ಓಟಿನ ಹಕ್ಕಿರುವುದು ದೃಢೀಕರಣವಾಗಿ ಸಂಸ್ಕಾರದಲ್ಲಿ ಪಾಲು ತೆಗೆದುಕೊಳ್ಳುವ, ಸಭೆಯ ಚಂದಾ ಬಾಕಿಯಿಲ್ಲದ ಸದಸ್ಯರಿಗೆ. ವರ್ಷಗಟ್ಟಲೆ ಚಂದಾ ಕೊಡದಿದ್ದವರೆಲ್ಲ ಒಂದೇ ವಾರದಲ್ಲಿ ಬಾಕಿ ತೀರಿಸಿಬಿಟ್ಟರು. ಕೆಲವರ ಬಾಕಿಯನ್ನು ಬೇರೆಯವರು ತೀರಿಸಿದರೆಂದೂ ಗುಲ್ಲೆದ್ದಿತು. ಇದೇ ಸಮಯಕ್ಕೆ ಸಭಾಪಾಲಕರಿಗೆ ವರ್ಗವಾಯಿತು. ಹೊಸಬರು ಬರುವ ಮುನ್ನ ಎರಡು ಗುಂಪಿನವರೂ ಬೇರೆ ಬೇರೆ ಕೂಟ ಸೇರಿಸಿ, ಬೇರೆ ಬೇರೆ ಠರಾವು ಬರೆದು, ಒಂದೇ ದಿನ ನನ್ನ ಮೇಜಿನ ಮುಂದೆ ಬಂದು ನಿಂತರು.

ಒಂದು ಖಾತೆಗೆ ಎರಡು ಠರಾವು ಬಂದರೆ ಬ್ಯಾಂಕಿನವನಿಗೆ ಉಳಿಯುವುದು ಒಂದೇ ದಾರಿ: ಯಾರ ಚೆಕ್ಕಿಗೂ ಹಣ ಕೊಡದಿರುವುದು. ಖಾತೆ ನಿಂತಿತು. ನಿಂತದ್ದರ ಪೆಟ್ಟು ಬಿದ್ದದ್ದು ಎರಡು ಗುಂಪಿನವರಿಗೂ ಅಲ್ಲ. ದೇವಾಲಯ ಗುಡಿಸಿ, ಗಂಟೆ ಹೊಡೆದು, ಸಮಾಧಿ ತೋಟಕ್ಕೆ ಕಾವಲಿರುವ ಮುದುಕನಿಗೆ. ಅವನ ತಿಂಗಳ ಸಂಬಳ ಆ ಖಾತೆಯಿಂದ ಹೋಗಬೇಕಾಗಿತ್ತು. ಎರಡು ತಿಂಗಳು ಹೋಗಲಿಲ್ಲ. ಒಂದು ದಿನ ಅವನು ಬ್ಯಾಂಕಿಗೆ ಬಂದು ಕೌಂಟರಿನ ಆಚೆ ನಿಂತು, “ಸ್ವಾಮಿ, ನಂದೇನಾದ್ರೂ ತಪ್ಪಾಗಿದ್ಯಾ?” ಎಂದು ಕೇಳಿದ. ಅವನ ತಪ್ಪು ಏನೂ ಇಲ್ಲವೆಂದು ಹೇಳುವುದು ಸುಲಭ. ಸಂಬಳ ಏಕೆ ಇಲ್ಲವೆಂದು ಅವನಿಗೆ ತಿಳಿಯುವಂತೆ ಹೇಳುವುದು ಎಷ್ಟು ಕಷ್ಟವೆಂಬುದು ನನಗೆ ಆಗ ಗೊತ್ತಾಯಿತು.

ಹೊಸ ಸಭಾಪಾಲಕರು ಬಂದರು. ಕಿರಿಯ ವಯಸ್ಸು, ಮಿತವಾದ ಮಾತು. ಎರಡು ಠರಾವುಗಳನ್ನೂ ಬದಿಗಿಟ್ಟು, ಮೇಲಿನವರ ಅಪ್ಪಣೆ ಪಡೆದು, ಸಭೆಯ ಸಾಮಾನ್ಯ ಕೂಟವನ್ನು ಹೊಸದಾಗಿ ಕರೆದರು. ಓಟು ಎಣಿಸುವುದಕ್ಕೆ ಎರಡು ಪಕ್ಷಕ್ಕೂ ಸಲ್ಲುವ ಹೊರಗಿನವನೊಬ್ಬ ಬೇಕಾಗಿತ್ತು. “ನೀವು ನಮ್ಮವರಲ್ಲ, ಆದ್ದರಿಂದ ನೀವೇ ಆಗಬೇಕು ಸಾರ್” ಎಂದು ಕರೆದರು. ಇಷ್ಟು ವಿಚಿತ್ರವಾದ ಅರ್ಹತೆಯಿಂದ ನನಗೆ ಬೇರಾವ ಗೌರವವೂ ದೊರೆತಿಲ್ಲ. ಒಪ್ಪಿಕೊಂಡೆ.

ಭಾನುವಾರ ಆರಾಧನೆ ಮುಗಿದ ಮೇಲೆ ಕೂಟ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ರೈಟರು ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಪ್ರಾರ್ಥನೆಯಾಯಿತು. ಹೆಸರುಗಳನ್ನು ಸೂಚಿಸಿರೆಂದು ಸಭಾಪಾಲಕರು ಹೇಳುವಷ್ಟರಲ್ಲಿ ಹೆಂಗಸರ ಸಾಲಿನಿಂದ ಒಬ್ಬ ವೃದ್ಧೆ ಎದ್ದರು. ಪ್ರೈಮರಿ ಸ್ಕೂಲಿನಲ್ಲಿ ಮೇಡಂ ಆಗಿದ್ದವರು. ಅಲ್ಲಿ ಕುಳಿತಿದ್ದವರಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು.

“ಅಯ್ನೋರೆ, ಹೆಸರು ಆಮೇಲಾಗಲಿ. ಮೊದಲು ಹಳೇ ಲೆಕ್ಕ ಓದಿಸಿ” ಎಂದರು.

ಸಭೆ ಸ್ತಬ್ಧವಾಯಿತು. ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ರೈಟರ ಮುಖ ಕೆಂಪಾಯಿತು. ಟೀಚರಮ್ಮ ಅವರ ಕಡೆಯೇ ತಿರುಗಿ, “ರೈಟರೆ, ನಿಮ್ಮ ಮೇಲೆ ಅನುಮಾನ ಇದ್ದು ಕೇಳ್ತಿಲ್ಲ. ನಾವು ಕೇಳದೇ ಇದ್ದದ್ದು ನಮ್ಮ ಸೋಮಾರಿತನ. ಅದಕ್ಕೆ ಇವತ್ತು ಕೇಳ್ತಿದೀನಿ” ಎಂದರು.

ರೈಟರು ಎದ್ದು ಹೊರಗೆ ಹೋದರು. ಕೋಪಿಸಿಕೊಂಡು ಹೋದರೆಂದೇ ಎಲ್ಲರೂ ಭಾವಿಸಿದರು. ಅರ್ಧ ಗಂಟೆಯ ಮೇಲೆ ಮೊಮ್ಮಗನ ತಲೆಯ ಮೇಲೆ ಒಂದು ಟ್ರಂಕು ಹೊರಿಸಿಕೊಂಡು ಬಂದರು. ಅದರಲ್ಲಿ ಹದಿನಾರು ವರ್ಷದ ಲೆಕ್ಕದ ಪುಸ್ತಕಗಳು. ಒಂದೊಂದು ರಸೀದಿಯೂ ಗುಂಡುಸೂಜಿಯಿಂದ ಅದರದರ ಪುಟಕ್ಕೆ ಸೇರಿದೆ. ಓದುವ ಕೆಲಸ ನನ್ನ ಪಾಲಿಗೆ ಬಂದಿತು. ಸುಗ್ಗಿ ಹಬ್ಬದ ಹಣ ಪೈಸೆಗೆ ಪೈಸೆ ಸರಿಯಾಗಿತ್ತು. ಅಷ್ಟೇ ಅಲ್ಲ, ಹಿಂದಿನ ಮಳೆಗಾಲದಲ್ಲಿ ಹೆಂಚು ಬದಲಾಯಿಸಿದ ಖರ್ಚಿನಲ್ಲಿ ಖಾತೆಯ ಹಣ ಸಾಲದೆ ಅವರು ಕೈಯಿಂದ ಹಾಕಿದ ನಾಲ್ಕು ಸಾವಿರದ ಚಿಲ್ಲರೆಯನ್ನು ಸಭೆಯೇ ಅವರಿಗೆ ಕೊಡಬೇಕಾಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಜಂಭವಾಗುತ್ತದೆಂದು ಅವರ ಎಣಿಕೆ. ಕೇಳಿದರೆ ಅನುಮಾನವಾಗುತ್ತದೆಂದು ಸಭೆಯ ಎಣಿಕೆ. ಈ ಎರಡು ಸಂಕೋಚಗಳ ನಡುವೆ ಹದಿನಾರು ವರ್ಷ ಆ ಪುಸ್ತಕಗಳು ಟ್ರಂಕಿನಲ್ಲಿ ಮಲಗಿದ್ದುವು.

ನಾನು ಕೊನೆಯ ಮೊತ್ತವನ್ನು ಓದಿದಾಗ ಮೊದಲು ಪ್ರಶ್ನೆ ಕೇಳಿದ್ದ ಹುಡುಗ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಬೇಕಾಗಿರಲಿಲ್ಲವೆಂದು ಇಂದಿಗೂ ನನ್ನ ಅಭಿಪ್ರಾಯ. ಅವನು ಕೇಳದೆ ಇದ್ದಿದ್ದರೆ ರೈಟರ ಪ್ರಾಮಾಣಿಕತೆ ಊರಿಗೆ ಒಂದು ನಂಬಿಕೆಯಾಗಿ ಉಳಿಯುತ್ತಿತ್ತು. ಈಗ ಅದು ಎಲ್ಲರೂ ಕಣ್ಣಾರೆ ಕಂಡ ಸಂಗತಿಯಾಯಿತು.

ಆಮೇಲೆ ಆಯ್ಕೆ. ಖಜಾಂಚಿಯ ಸ್ಥಾನಕ್ಕೆ ಅನೇಕರು ಟೀಚರಮ್ಮನವರ ಹೆಸರನ್ನೇ ಕೂಗಿದರು. ಅವರು ಕೈ ಮುಗಿದು, “ನಾನು ಒಳಗೆ ಹೋಗಿ ಕೂತರೆ ಹೊರಗಿನಿಂದ ಕೇಳೋರು ಯಾರಪ್ಪ?” ಎಂದು ಕುಳಿತುಬಿಟ್ಟರು. ರೈಟರೂ ಬೇಡವೆಂದರು; ಅವರ ದನಿಯಲ್ಲಿ ಮುನಿಸಿಗಿಂತ ಆಯಾಸ ಹೆಚ್ಚಾಗಿತ್ತು. ಕೊನೆಗೆ ಓಟಿಗೆ ನಿಂತವರಲ್ಲಿ ಗೆದ್ದವನು ಯಾರ ಲೆಕ್ಕದಲ್ಲಿಯೂ ಇಲ್ಲದ ಒಬ್ಬ ಬಸ್ ಕಂಡಕ್ಟರು. ಕೂಲಿ ಮನೆಯಿಂದ ಬಂದವನು, ಹೆಚ್ಚು ಓದಿದವನಲ್ಲ, ವಾಕ್ಯೋಪದೇಶ ಮಾಡಬಲ್ಲವನಲ್ಲ, ಕಾಣಿಕೆ ಕೊಡುವವರ ಪಟ್ಟಿಯಲ್ಲಿ ಅವನ ಹೆಸರು ಕೆಳಗಿನಿಂದ ಮೂರನೆಯದೋ ನಾಲ್ಕನೆಯದೋ. ಅವನನ್ನೇ ಏಕೆ ಆರಿಸಿದಿರೆಂದು ಆಮೇಲೆ ಒಬ್ಬರನ್ನು ಕೇಳಿದೆ. ಅವರು ಹೇಳಿದರು: “ಅವನು ದಿನಾ ವೇ ಬಿಲ್ ಬರೆದು, ದುಡ್ಡು ಕಟ್ಟಿ ಮನೆಗೆ ಹೋಗೋನು ಸಾರ್. ದಾರಿ ಮಧ್ಯೆ ಚೆಕಿಂಗ್‌ನವರು ಬಸ್ ಹತ್ತಿದರೆ ಚೀಲ ತೆಗೆದು ತೋರಿಸ್ತಾನೆ. ಮುಖ ಗಂಟು ಹಾಕ್ಕೊಳ್ಳಲ್ಲ.”

ಆ ಉತ್ತರವನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹತ್ತು ಜನರ ಹಣಕ್ಕೆ ಒಬ್ಬನನ್ನು ಗೊತ್ತುಮಾಡುವಾಗ ನಾವು ಸಾಮಾನ್ಯವಾಗಿ ಏನನ್ನು ನೋಡುತ್ತೇವೆ? ಭಕ್ತನೆ, ದೊಡ್ಡ ಮನೆತನದವನೆ, ಧಾರಾಳವಾಗಿ ಕೊಡುವವನೆ, ಪ್ರಾಮಾಣಿಕನೆ ಎಂದು ನೋಡುತ್ತೇವೆ. ಇವೆಲ್ಲ ಒಳ್ಳೆಯ ಗುಣಗಳೇ. ಆದರೆ ಇವೆಲ್ಲವೂ ಇದ್ದು, ಲೆಕ್ಕ ಕೇಳಿದರೆ ಮುನಿಸಿಕೊಳ್ಳುವವನಾದರೆ ಅವನ ಕೈಗೆ ಬೀಗದ ಕೈ ಕೊಡಬಾರದು. ಅವನು ಕದಿಯುತ್ತಾನೆಂದಲ್ಲ. ಅವನ ಮುನಿಸಿಗೆ ಹೆದರಿ ಜನ ಕೇಳುವುದನ್ನು ಬಿಡುತ್ತಾರೆ. ಕೇಳುವ ಅಭ್ಯಾಸ ತಪ್ಪಿದ ಮನೆಗೆ ಅವನ ನಂತರ ಬರುವವನು ಕಳ್ಳನಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಹೀಗೆಂದರೆ ಒಂದು ಆಕ್ಷೇಪಣೆ ಬರುತ್ತದೆ. ರೈಟರೇ ಅದನ್ನು ಮುಂದೊಂದು ದಿನ ಬ್ಯಾಂಕಿನಲ್ಲಿ ನನ್ನ ಮುಂದೆ ಹೇಳಿದರು. “ಸಂಬಳ ಇಲ್ಲದ ಕೆಲಸ. ಮನೆಯ ಕೆಲಸ ಬಿಟ್ಟು ಮಾಡಿದೆ. ಕೊನೆಗೆ ಟ್ರಂಕು ಹೊರಿಸಿಕೊಂಡು ಬಂದು ನಿಲ್ಲುವ ಹಾಗಾಯಿತು. ನಾಳೆ ಮರ್ಯಾದಸ್ಥರು ಯಾರು ಸ್ವಾಮಿ ಈ ಕೆಲಸಕ್ಕೆ ಬರ್ತಾರೆ?” ಇದು ಹುರುಳಿಲ್ಲದ ಮಾತಲ್ಲ. ನಮ್ಮಲ್ಲಿ ಸಾರ್ವಜನಿಕ ಕೆಲಸಕ್ಕೆ ಸಿಕ್ಕುವ ಸಂಬಳ ಮರ್ಯಾದೆಯೊಂದೇ. ಅದಕ್ಕೂ ಕತ್ತರಿ ಬಿದ್ದರೆ ಸಜ್ಜನರು ಹಿಂದೆಗೆಯುತ್ತಾರೆ. ನಾನು ಅವರಿಗೆ ಉತ್ತರ ಕೊಡಲಿಲ್ಲ. ನಮ್ಮ ತಿಜೋರಿಯನ್ನು ತೋರಿಸಿದೆ. ಅದಕ್ಕೆ ಎರಡು ಬೀಗದ ಕೈ. ಒಂದು ನನ್ನದು, ಇನ್ನೊಂದು ಹೆಡ್ ಕ್ಯಾಷಿಯರರದು. ಇಬ್ಬರೂ ಸೇರದೆ ಬಾಗಿಲು ತೆರೆಯುವುದಿಲ್ಲ. ಮೂವತ್ತು ವರ್ಷ ಹಾಗೆ ತೆರೆದಿದ್ದೇನೆ. ನನ್ನನ್ನು ಕಳ್ಳನೆಂದು ತಿಳಿದು ಇನ್ನೊಂದು ಕೈಯನ್ನು ಬೇರೆಯವರಿಗೆ ಕೊಟ್ಟರೆಂದು ಒಂದು ದಿನವೂ ನನಗೆ ಅನಿಸಿಲ್ಲ. ಮೊದಲ ದಿನದಿಂದ ಎಲ್ಲರಿಗೂ ಇರುವ ನಿಯಮದಲ್ಲಿ ಅವಮಾನವಿಲ್ಲ. ಹದಿನಾರು ವರ್ಷ ಇಲ್ಲದೆ ಒಂದು ದಿನ ಒಬ್ಬರಿಗೆ ಮಾತ್ರ ಬಂದರೆ ಅದು ಅವಮಾನ. ರೈಟರಿಗೆ ಅನ್ಯಾಯವಾದದ್ದು ಲೆಕ್ಕ ಕೇಳಿದ್ದರಿಂದಲ್ಲ. ವರ್ಷವರ್ಷವೂ ಕೇಳದೆ ಇದ್ದದ್ದರಿಂದ.

ಈ ವಿಚಾರ ಆ ಸಭೆಗೆ ಹೊಸದೂ ಅಲ್ಲ. 1538ರಲ್ಲಿ ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಒಂದು ಅಪ್ಪಣೆ ಹೊರಡಿಸಿ, ಪ್ರತಿಯೊಂದು ದೇವಾಲಯದಲ್ಲಿಯೂ ದೀಕ್ಷಾಸ್ನಾನ ಮದುವೆ ಶವಸಂಸ್ಕಾರಗಳ ಪುಸ್ತಕವನ್ನಿಡಲು ಎರಡು ಬೀಗದ ಪೆಟ್ಟಿಗೆ ಇರಬೇಕೆಂದ. ಒಂದು ಕೈ ಪಾದ್ರಿಯದು, ಇನ್ನೊಂದು ಊರವರ ಪ್ರತಿನಿಧಿಗಳಾದ ಚರ್ಚ್‌ವಾರ್ಡನ್ನರದು. 1603ರ ನಿಬಂಧನೆಗಳಲ್ಲಿ ಬೀಗ ಮೂರಾಯಿತು: ಪಾದ್ರಿಗೊಂದು, ಇಬ್ಬರು ವಾರ್ಡನ್ನರಿಗೆ ಒಂದೊಂದು. ವಾರ್ಡನ್ನರನ್ನು ಪಾದ್ರಿಯೂ ಜನರೂ ಒಮ್ಮತದಿಂದ ಆರಿಸಬೇಕು, ಒಮ್ಮತವಾಗದಿದ್ದರೆ ಪಾದ್ರಿ ಒಬ್ಬನನ್ನು, ಜನ ಒಬ್ಬನನ್ನು. ಮತ್ತೆ ಆರಿಸದ ಹೊರತು ಒಂದು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ವರ್ಷ ಮುಗಿದ ಒಂದು ತಿಂಗಳೊಳಗೆ ಬಂದದ್ದು ಹೋದದ್ದರ ಲೆಕ್ಕವನ್ನು ಜನರ ಮುಂದೆ ಒಪ್ಪಿಸಿ, ಉಳಿದ ಹಣವನ್ನು ಮುಂದಿನವರ ಕೈಗೆ ಕೊಟ್ಟು ಹೋಗಬೇಕು. ನಾನೂರು ವರ್ಷಗಳ ಹಿಂದಿನ ಈ ಏರ್ಪಾಟು ಇಂದಿನ ಬ್ಯಾಂಕಿನ ನಿಯಮದಂತೆಯೇ ಇದೆ. ಮನುಷ್ಯನನ್ನು ನಂಬಬೇಡವೆಂದು ಅದು ಹೇಳುವುದಿಲ್ಲ. ನಂಬಿಕೆಯ ಭಾರವನ್ನು ಒಬ್ಬನ ಮೇಲೆಯೇ ಹೊರಿಸಬೇಡವೆಂದು ಹೇಳುತ್ತದೆ.

ಸಭಾಪಾಲಕರು ನನಗೆ ಇನ್ನೂ ಹಳೆಯದೊಂದು ಸಂಗತಿಯನ್ನು ತಿಳಿಸಿದರು. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಭಾಗದ ಆರನೆಯ ಅಧ್ಯಾಯದಲ್ಲಿ ಅದು ಬರುತ್ತದಂತೆ. ಯೆರೂಸಲೇಮಿನ ಮೊಟ್ಟಮೊದಲ ಸಭೆಯಲ್ಲಿ ದಿನವೂ ವಿಧವೆಯರಿಗೆ ಊಟ ಹಂಚುತ್ತಿದ್ದರು. ಅದರಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಆ ಕಡೆಯವರು ಗೊಣಗಿದರು. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ. ಸಭೆಯನ್ನು ಸೇರಿಸಿ, ಹೆಸರುವಾಸಿಯಾದ ಏಳು ಮಂದಿಯನ್ನು ನೀವೇ ಆರಿಸಿರಿ, ಬಡಿಸುವ ಕೆಲಸ ಅವರದೆಂದರು. ಜನ ಏಳು ಮಂದಿಯನ್ನು ಆರಿಸಿದರು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. “ಈ ಹೆಸರುಗಳನ್ನು ಸ್ವಲ್ಪ ಗಮನಿಸಿ ಸಾರ್” ಎಂದರು ಸಭಾಪಾಲಕರು, “ಏಳೂ ಗ್ರೀಕ್ ಹೆಸರುಗಳು.” ಎಂದರೆ, ನಮಗೆ ಅನ್ಯಾಯವಾಗುತ್ತಿದೆಯೆಂದು ದೂರು ಹೇಳಿದ ಕಡೆಯವರ ಕೈಗೇ ಸಭೆ ಉಗ್ರಾಣದ ಬೀಗದ ಕೈ ಕೊಟ್ಟಿತು.

ಅಲ್ಲಿ ದೂರು ಹೇಳಿದ ಕಡೆಯವರು ಒಳಗೆ ಹೋದರು. ಇಲ್ಲಿ ಪ್ರಶ್ನೆ ಕೇಳಿದ ಟೀಚರಮ್ಮ ಹೊರಗೇ ಉಳಿದರು. ಯಾವುದು ಸರಿಯೆಂದು ನಾನು ಬಹಳ ಯೋಚಿಸಿದ್ದುಂಟು. ಎರಡೂ ಸರಿಯಿರಬೇಕು. ಒಳಗೆ ಕೂತವನು ಬಡಿಸಿಕೊಳ್ಳಲು ಸಾಲಿನಲ್ಲಿ ನಿಂತ ಕೊನೆಯವನನ್ನು ಬಲ್ಲವನಾಗಿರಬೇಕು. ಹೊರಗೆ ನಿಂತವರಲ್ಲಿ ಒಬ್ಬರಾದರೂ ಪಾತ್ರೆಯೊಳಗೆ ಇಣುಕಿ ನೋಡುವವರಿರಬೇಕು. ಗಂಟೆ ಹೊಡೆಯುವ ಮುದುಕನ ಬಾಕಿ ಸಂಬಳ ಕಂಡಕ್ಟರು ಹಾಕಿದ ಮೊದಲ ಚೆಕ್ಕಿನಿಂದಲೇ ಸಂದಿತು. ಎರಡನೆಯ ಚೆಕ್ಕು ರೈಟರ ಹೆಸರಿಗಿತ್ತು, ನಾಲ್ಕು ಸಾವಿರದ ಚಿಲ್ಲರೆಗೆ. ರೈಟರು ಅದನ್ನು ಬಹಳ ದಿನ ಹಣ ಮಾಡಿಕೊಳ್ಳಲಿಲ್ಲ. ಆಗಿನ ನಿಯಮದಂತೆ ಆರು ತಿಂಗಳು ಕಳೆದರೆ ಚೆಕ್ಕು ಕೆಡುತ್ತಿತ್ತು; ಅದನ್ನು ನಾನು ನೆನಪು ಮಾಡಿದ ಮೇಲೆ ಬಂದು ಜಮಾ ಮಾಡಿದರು. ರುಜು ಎಂದಿನಂತೆಯೇ ಇತ್ತು.

ನಾನು ಅಲ್ಲಿಂದ ವರ್ಗವಾಗುವ ಹೊತ್ತಿಗೆ ಆ ದೇವಾಲಯದ ಬಾಗಿಲ ಪಕ್ಕದ ಹಲಗೆಯ ಮೇಲೆ ತಿಂಗಳ ಮೊದಲ ಭಾನುವಾರ ಹಿಂದಿನ ತಿಂಗಳ ಜಮಾಖರ್ಚನ್ನು ಅಂಟಿಸುವ ಪದ್ಧತಿ ಬಂದಿತ್ತು. ಮೊದಮೊದಲು ಜನ ಗುಂಪುಗೂಡಿ ಓದುತ್ತಿದ್ದರಂತೆ. ಬರಬರುತ್ತ ಓದುವವರು ಕಡಿಮೆ, ಟೀಚರಮ್ಮನವರು ಮಾತ್ರ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿಯೇ ಮನೆಗೆ ಹೋಗುವರೆಂದು ಸಭಾಪಾಲಕರು ಹೇಳಿದರು. ಒಬ್ಬರು ಓದಿದರೂ ಸಾಕು. ಬರೆಯುವವನಿಗೆ ಅದು ಗೊತ್ತಿರುತ್ತದೆ.

ಪಟ್ಟಣದಲ್ಲಿ ವಾಸವಾಗಿರುವ ಓದುಗರು ಇದು ಯಾವುದೋ ಸಣ್ಣ ಊರಿನ, ಯಾವುದೋ ಮತದವರ ಕಥೆಯೆಂದು ತಿಳಿಯಬಾರದು. ನಿಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಗಣಪತಿ ಉತ್ಸವದ ಸಮಿತಿ, ಮಕ್ಕಳ ಶಾಲೆಯ ಮಂಡಳಿ, ವಸತಿ ಸಮುಚ್ಚಯದ ನಿರ್ವಹಣಾ ಸಂಘ, ಎಲ್ಲಕ್ಕೂ ಒಂದು ಬೀಗದ ಕೈ ಇದೆ. ವರ್ಷಕ್ಕೊಮ್ಮೆ ಅದನ್ನು ಯಾರಿಗೋ ಕೊಡುವ ದಿನ ಬರುತ್ತದೆ. ಆ ದಿನ ಭಾಷಣಗಳನ್ನು ಕೇಳಿ ಸುಮ್ಮನೆ ಕೈಯೆತ್ತುವ ಬದಲು ಎದ್ದು ನಿಂತು, ಹೋದ ವರ್ಷದ ಲೆಕ್ಕ ಎಲ್ಲಿ ಎಂದು ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿರಿ. ಕೇಳಿದಾಗ ಅಭ್ಯರ್ಥಿಗಳ ಮುಖಗಳನ್ನು ನೋಡಿರಿ. ಯಾರು ಮುಖ ಗಂಟು ಹಾಕಿಕೊಳ್ಳದೆ ಚೀಲಕ್ಕೆ ಕೈ ಹಾಕುತ್ತಾರೋ ಅವರಿಗೆ ಓಟು ಕೊಡಬಹುದು.